ಟ್ರಕ್ಕುಗಳ ತಕ್ಕಡಿಯ ಮೇಲೆ ನಮ್ಮ ಮಿನಿವ್ಯಾನ್

ಮಿನಿವ್ಯಾನಿನ ಹಿಂದೆ ಕ್ಯಾಂಪರ್, ಅಂದರೆ ಮಲಗಲು ಅಡುಗೆ ಮಾಡಲು ಜಾಗವಿರುವ ಟ್ರೇಲರ್, ಕಟ್ಟಿಕೊಂಡು ಹೊರಡಬೇಕು ಅನ್ನುವ ಆಸೆ ಅಮೆರಿಕಾದಲ್ಲಿರುವ ಯಾವ ಕನ್ನಡ ಸಂಸಾರಕ್ಕೆ ಬಂದರೂ ನಾನು ಹೇಳುವುದು ಇಷ್ಟೇ. ಬಣ್ಣದ ದೀಪ, ಮಡಿಸುವ ಕುರ್ಚಿ ಕೊಳ್ಳುವ ಮುಂಚೆ ಇಪ್ಪತ್ತು ಡಾಲರ್ ತೆಗೆದಿಟ್ಟು ಒಂದು ಕ್ಯಾಟ್ ಸ್ಕೇಲ್‌ಗೆ ಹೋಗಿ ಬನ್ನಿ. ಲಾರಿಗಳನ್ನು ತೂಗುವ ವೇಬ್ರಿಡ್ಜ್ ಅದು. ಆದರೆ ಕಾರಿನವರನ್ನು, ವ್ಯಾನಿನವರನ್ನು ಬೇಡ ಅನ್ನುವುದಿಲ್ಲ. ನಾನು ಈ ದೇಶದಲ್ಲಿ ದುಡ್ಡು ಕೊಟ್ಟು ಪಡೆದ ಸೇವೆಗಳಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಖಚಿತವಾದ ಉತ್ತರ ಕೊಟ್ಟದ್ದು ಬೇರೆ ಇಲ್ಲ. ಡಾಕ್ಟರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಾವು ಹೋದದ್ದು ಅಯೋವಾದ ವಾಲ್ಕಾಟ್‌ಗೆ. ಇಂಟರ್‌ಸ್ಟೇಟ್ 80ರ 284ನೇ ಎಕ್ಸಿಟ್‌ನಲ್ಲಿ ಇಳಿದರೆ ‘ಅಯೋವಾ 80’ ಟ್ರಕ್ ಸ್ಟಾಪ್. ಜಗತ್ತಿನಲ್ಲೇ ದೊಡ್ಡದು ಅಂತ ಅವರೇ ಬೋರ್ಡು ಹಾಕಿಕೊಂಡಿದ್ದಾರೆ, ನೋಡಿದರೆ ಇರಬಹುದು ಅನ್ನಿಸುತ್ತದೆ. ಒಳಗೆ ಹಲ್ಲಿನ ಡಾಕ್ಟರು, ಕ್ಷೌರದಂಗಡಿ, ಸಿನಿಮಾ ನೋಡುವ ಕೋಣೆ ಎಲ್ಲ ಇವೆ. ಈ ಜಾಗವನ್ನು ಕಟ್ಟಿ ಬೆಳೆಸಿದ ಬಿಲ್ ಮೂನ್ ಅವರೇ 1977ರಲ್ಲಿ ಕ್ಯಾಟ್ ಸ್ಕೇಲ್ ಕಂಪನಿಯನ್ನೂ ಶುರು ಮಾಡಿದ್ದು. ಈಗ ಅಮೆರಿಕಾ, ಕೆನಡಾ ಸೇರಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಇವರ ತಕ್ಕಡಿಗಳಿವೆ. ನೀವು ಟೆಕ್ಸಾಸ್‌ನಲ್ಲಿದ್ದರೂ ನ್ಯೂಜೆರ್ಸಿಯಲ್ಲಿದ್ದರೂ ಹತ್ತಿರದ ದೊಡ್ಡ ಟ್ರಕ್ ಸ್ಟಾಪ್‌ನಲ್ಲಿ ಒಂದು ಸಿಗುವುದು ಹೆಚ್ಚುಕಡಿಮೆ ಖಾತ್ರಿ. ನಮಗೆ ತವರು ತಕ್ಕಡಿಯೇ ಪಕ್ಕದಲ್ಲಿತ್ತು, ಅಷ್ಟೇ.

ತೂಗುವುದಕ್ಕೆ ಏನಿದೆ, ವ್ಯಾನಿನ ಕೈಪಿಡಿಯಲ್ಲೇ ಬರೆದಿರುತ್ತಲ್ಲ ಅಂತ ಕೇಳಬಹುದು. ಬರೆದಿದೆ. ನಮ್ಮದು ಜಪಾನಿ ಕಂಪನಿಯ ಎಂಟು ಸೀಟಿನ ವ್ಯಾನ್, ಎಳೆಯುವ ಮಿತಿ 3,500 ಪೌಂಡ್, ಅಂದರೆ 1,588 ಕಿಲೋ. ಟೊಯೋಟಾ ಸಿಯೆನ್ನಾಗೂ ಹೋಂಡಾ ಒಡಿಸ್ಸಿಗೂ ಇದೇ ಸಂಖ್ಯೆ. ಕ್ರೈಸ್ಲರ್ ಪೆಸಿಫಿಕಾ ಪೆಟ್ರೋಲ್ ಮಾದರಿ, ಎಳೆಯುವ ಪ್ಯಾಕೇಜ್ ಇದ್ದರೆ, 3,600. ಅದೇ ಪೆಸಿಫಿಕಾದ ಪ್ಲಗ್-ಇನ್ ಹೈಬ್ರಿಡ್ ಏನನ್ನೂ ಎಳೆಯಕೂಡದು, ಕಂಪನಿಯೇ ಬೇಡ ಅಂದಿದೆ. ಕೊಳ್ಳುವ ಮುಂಚೆ ನೋಡಿಕೊಳ್ಳಿ, ಷೋರೂಮಿನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ.

ಕ್ಯಾಂಪರ್ ಕೊಂಡದ್ದು ಹಳೆಯದು, ಹದಿನಾರು ಅಡಿಯದು. ಕಾಗದದಲ್ಲಿ ಖಾಲಿ ತೂಕ 2,450 ಪೌಂಡ್. ಮಾರಿದವನು ಲೆಕ್ಕವನ್ನು ಬೆರಳ ತುದಿಯಲ್ಲಿ ಮುಗಿಸಿದ: ನಿಮ್ಮ ವ್ಯಾನ್ ಮೂರೂವರೆ ಸಾವಿರ ಎಳೆಯುತ್ತೆ, ಇದು ಎರಡೂವರೆ ಸಾವಿರವೂ ಇಲ್ಲ, ಇನ್ನೂ ಸಾವಿರ ಪೌಂಡ್ ಮಿಕ್ಕಿದೆ, ಆರಾಮಾಗಿ ಹೋಗಿ. ನಮ್ಮನೆಯವರು ತಲೆಯಾಡಿಸಿದರು. ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುವವಳು. ಯಾರಾದರೂ ಒಂದೇ ಕಳೆಯುವ ಲೆಕ್ಕದಲ್ಲಿ ಇಡೀ ವ್ಯವಹಾರ ಮುಗಿಸಿದರೆ ನನಗೆ ಅನುಮಾನ ಶುರುವಾಗುತ್ತದೆ.

ಆ 3,500 ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿಯಬೇಕು. ಇಲ್ಲಿ ವಾಹನ ಕಂಪನಿಗಳು ಎಳೆಯುವ ಮಿತಿ ಗೊತ್ತುಮಾಡಲು ಎಸ್‌ಎಇ ಜೆ2807 ಅನ್ನುವ ಒಂದು ಪರೀಕ್ಷಾ ಕ್ರಮ ಇಟ್ಟುಕೊಂಡಿವೆ. 2011ರ ಮಾದರಿಗಳಿಂದ ಇದನ್ನು ಮೊದಲು ಪೂರ್ತಿ ಒಪ್ಪಿಕೊಂಡದ್ದು ಟೊಯೋಟಾ, ಉಳಿದವರು ಸ್ವಲ್ಪ ಮೀನಮೇಷ ಎಣಿಸಿಯೇ ಬಂದರು. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಉದ್ದದ ಏರನ್ನು ಎಸಿ ಹಾಕಿಕೊಂಡೇ ಹತ್ತಬೇಕು, ಅದೂ ನಿಗದಿ ಮಾಡಿದ ವೇಗಕ್ಕಿಂತ ಕೆಳಗೆ ಇಳಿಯದಂತೆ. ಕಠಿಣ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಕೂತಿರುವವರು ಇಬ್ಬರೇ, ತಲೆಗೆ 150 ಪೌಂಡ್. ಒಟ್ಟು 136 ಕಿಲೋ. ಮಕ್ಕಳಿಲ್ಲ, ಊರಿಂದ ಬಂದ ಅತ್ತೆ-ಮಾವ ಇಲ್ಲ, ಸೋನಾ ಮಸೂರಿ ಮೂಟೆ ಇಲ್ಲ, ಕುಕ್ಕರ್ ಇಲ್ಲ. ಎಂಟು ಸೀಟಿನ ಗಾಡಿಯ ಮಿತಿಯನ್ನು ಇಬ್ಬರನ್ನು ಕೂರಿಸಿ ಹೇಳುವುದು ಕಾನೂನಿಗೆ ಸರಿ. ನಮ್ಮಂಥವರ ಸಂಸಾರಕ್ಕೆ ಹೊಂದುವುದಿಲ್ಲ. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಸವಾರರು ಹೆಚ್ಚಾದಂತೆ ಟ್ರೇಲರಿನ ಮಿತಿ ಎಷ್ಟು ಇಳಿಯುತ್ತದೆ ಅನ್ನುವ ಕೋಷ್ಟಕವೇ ಇರುತ್ತದೆ. ಜಾಹೀರಾತಿನಲ್ಲಿ ಬರುವುದು ಮಾತ್ರ ಮೊದಲ ಸಾಲು.

ಎರಡನೆಯ ಸಂಖ್ಯೆ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಟೈರ್ ಗಾಳಿಯ ಒತ್ತಡ ಬರೆದಿರುತ್ತಲ್ಲ, ಅದೇ ಚೀಟಿ. ಸವಾರರು ಮತ್ತು ಸಾಮಾನು ಸೇರಿ ಇಷ್ಟು ಮೀರಕೂಡದು ಅಂತ ಇರುತ್ತದೆ. ನಮ್ಮದರಲ್ಲಿ 1,290 ಪೌಂಡ್, 585 ಕಿಲೋ. ಟ್ರೇಲರಿನ ಮೂತಿ ಹಿಚ್‌ನ (ವ್ಯಾನಿನ ಹಿಂದಿನ ಕೊಂಡಿಯ) ಗುಂಡಿನ ಮೇಲೆ ಊರುವ ಭಾರ, ಇಲ್ಲಿನವರು ಟಂಗ್ ವೇಟ್ ಅನ್ನುವುದು, ಅದೂ ಈ 1,290ರೊಳಗೇ ಬರಬೇಕು. ಚಕ್ರದ ಮೇಲೆ ಉರುಳುವ ಭಾರವನ್ನು ವ್ಯಾನ್ ಎಳೆಯುತ್ತದೆ, ಮೂತಿಯ ಭಾರವನ್ನು ಮಾತ್ರ ಬೆನ್ನ ಮೇಲೆ ಹೊರುತ್ತದೆ. ಮಾರಿದವನ ಕಳೆಯುವ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದು.

ಮನೆಯಲ್ಲಿ ಎಲ್ಲರನ್ನೂ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ನಮ್ಮನೆಯವರು 178, ನಾನು 142, ಮಗ 118, ಮಗಳು 74, ಮಾವ 150, ಅತ್ತೆ 138. ಅತ್ತೆ ಸೆರಗು ಹಿಡಿದುಕೊಂಡು “ಇದು ಸೀರೇದೂ ಸೇರ್ಸಿ ತೋರಿಸ್ತದಲ್ವಾ?” ಅಂತ ಕೇಳಿದರು. ಸೇರಿಸುತ್ತೆ ಅತ್ತೆ, ವ್ಯಾನೂ ಸೀರೆ ಸಮೇತವೇ ಹೊರಬೇಕಲ್ಲ ಅಂದೆ. ಒಟ್ಟು 800 ಪೌಂಡ್. ಹಿಚ್ ಮತ್ತು ಗುಂಡು ಕೂರಿಸುವ ಕಬ್ಬಿಣ ಸುಮಾರು 50. ಉಳಿದದ್ದು 440. ಇದರಲ್ಲಿ ಮೂತಿಯ ಭಾರಕ್ಕೆ ಮಿತಿ 350. ಅಷ್ಟೂ ಬಿದ್ದರೆ ಆರು ಜನರ ಬಟ್ಟೆಬರೆ, ತಿಂಡಿತೀರ್ಥ ಎಲ್ಲ ಸೇರಿ 90 ಪೌಂಡ್‌ನಲ್ಲಿ ಮುಗಿಯಬೇಕು. ನಲವತ್ತು ಕಿಲೋ ಆಯಿತು. ವಿಮಾನದಲ್ಲಿ ಒಬ್ಬರಿಗೆ ಎರಡು ಪೆಟ್ಟಿಗೆಗೆ ಕೊಡುವುದಕ್ಕಿಂತ ಕಡಿಮೆ.

ಕಾಗದದ ಮೇಲೆ ಇಷ್ಟು ಗೊತ್ತಾದ ಮೇಲೂ ತಕ್ಕಡಿ ಬೇಕು, ಯಾಕೆಂದರೆ ಕ್ಯಾಂಪರಿನ ನಿಜವಾದ ತೂಕ ಕಾಗದದಲ್ಲಿ ಇರುವುದಿಲ್ಲ. ಖಾಲಿ ತೂಕ ಅನ್ನುವುದು ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ್ದು. ಆಮೇಲೆ ಬಂದ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಿಂದಿನವರು ಕೂರಿಸಿದ ಎಸಿ, ನೆರಳಿನ ಬಟ್ಟೆ, ಹಾಸಿಗೆ ಯಾವುದೂ ಅದರಲ್ಲಿಲ್ಲ. ನಾವು ಹೊರಡುವ ದಿನ ಹೇಗೆ ತುಂಬುತ್ತೇವೋ ಹಾಗೇ ತುಂಬಿಕೊಂಡು, ಆರೂ ಜನ ಹತ್ತಿಕೊಂಡು, ಹೆದ್ದಾರಿ ಬಿಟ್ಟು ಮೆಕ್ಕೆಜೋಳದ ಹೊಲಗಳ ಮಧ್ಯದ ರಸ್ತೆಯಲ್ಲಿ ನಿಧಾನವಾಗಿ ವಾಲ್ಕಾಟ್‌ಗೆ ಹೋದೆವು. ತೂಗಿಸುವುದಕ್ಕೆ ಅಂತಲೇ ಹೋದದ್ದು. ಮಕ್ಕಳಿಗೆ ಮಾತ್ರ ಇದು ಯಾವ ಸೀಮೆ ಪ್ರವಾಸ ಅನ್ನಿಸಿತ್ತು.

ಸೇವೆ ಹೀಗಿದೆ. ನೆಲಮಟ್ಟದ ಉದ್ದನೆಯ ತಕ್ಕಡಿ, ಅದರಲ್ಲಿ ಬೇರೆ ಬೇರೆ ಹಲಗೆಗಳು. ಲಾರಿಯ ಮುಂದಿನ ಚಕ್ರ ಮೊದಲ ಹಲಗೆಯ ಮೇಲೆ, ಹಿಂದಿನವು ಎರಡನೆಯದರ ಮೇಲೆ, ಟ್ರೇಲರಿನವು ಮೂರನೆಯದರ ಮೇಲೆ ಬರುವಂತೆ ಮಾಡಿದ್ದಾರೆ. ಮಿನಿವ್ಯಾನ್ ಗಿಡ್ಡ. ಆದ್ದರಿಂದ ಮುಂದಿನ ಚಕ್ರ ಮೊದಲ ಹಲಗೆಯ ಅಂಚು ದಾಟದಂತೆ, ಹಿಂದಿನದು ಎರಡನೆಯ ಹಲಗೆಗೆ ಬಂದಿರುವಂತೆ ನೋಡಿಕೊಂಡು ನಿಲ್ಲಿಸಬೇಕು. ಮಗ ಇಳಿದು ನೋಡಿ ಕೈ ಮಾಡಿದ, ಮತ್ತೆ ಹತ್ತಿ ಕೂತ. ಹತ್ತಲೇಬೇಕು, ಅವನ 118 ಪೌಂಡ್ ನೆಲದ ಮೇಲೆ ನಿಂತಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಆಮೇಲೆ ಕಂಬದ ಮೇಲಿನ ಗುಂಡಿ ಒತ್ತಿದರೆ ಒಳಗಿನವರು ಮಾತಾಡುತ್ತಾರೆ. ಮೊದಲ ತೂಕವೋ ಮರುತೂಕವೋ ಅಂತ ಕೇಳುತ್ತಾರೆ. ಕಂಪನಿ ಹೆಸರು, ಟ್ರಕ್ ನಂಬರು ಕೇಳುತ್ತಾರೆ. “ಪ್ರೈವೇಟ್” ಅಂದರೆ ಸಾಕು. ಒಳಗೆ ಹೋಗಿ ದುಡ್ಡು ಕೊಟ್ಟರೆ ಮುದ್ರೆಯ ಚೀಟಿ ಕೈಗೆ ಬರುತ್ತದೆ. ಮೊದಲ ತೂಕಕ್ಕೆ 15 ಡಾಲರ್‌ನ ಆಸುಪಾಸು. ಅದೇ ತಕ್ಕಡಿಯಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿದರೆ ಅದರ ಮೂರರಲ್ಲೊಂದು ಪಾಲು ಅಂತಿಟ್ಟುಕೊಳ್ಳಿ. ಫೋನಿನಲ್ಲಿ ‘ವೇ ಮೈ ಟ್ರಕ್’ ಅನ್ನುವ ಆ್ಯಪ್ ಇದ್ದರೆ ಒಳಗೆ ಹೋಗುವುದೂ ಬೇಡ, ಗುಂಡಿಯೂ ಬೇಡ, ಚೀಟಿ ಫೋನಿಗೇ ಬರುತ್ತದೆ.

ಆ ಗುಂಡಿಯ ಬಗ್ಗೆ ನನಗೊಂದು ತಕರಾರಿದೆ. ಅದು ಹದಿನೆಂಟು ಗಾಲಿಯ ಲಾರಿಯ ಕಿಟಕಿಯ ಎತ್ತರಕ್ಕಿದೆ. ಮಿನಿವ್ಯಾನಿನಿಂದ ಕೈ ಚಾಚಿದರೆ ಗಾಳಿ ಸಿಗುತ್ತದೆ ಅಷ್ಟೇ. ನಾನು ಇಳಿದು, ಕಂಬದ ಬುಡಕ್ಕೆ ಹೋಗಿ, ತುದಿಗಾಲಲ್ಲಿ ನಿಂತು ಒತ್ತಿ, ಮಾತಾಡಿ, ಮತ್ತೆ ಓಡಿ ಬಂದು ಕೂತು, ಈಗ ತೂಗಿ ಅಂತ ಸನ್ನೆ ಮಾಡಬೇಕಾಯಿತು. ಹಿಂದೆ ನಿಂತ ಲಾರಿಯವನು ಹಾರ್ನ್ ಹೊಡೆಯಲಿಲ್ಲ, ದೊಡ್ಡ ಮನಸ್ಸು. ಎರಡನೆಯ ಸಲದಿಂದ ಆ್ಯಪ್‌ನಲ್ಲೇ ಮಾಡಿದೆ. ನೀವು ಮೊದಲನೆಯ ಸಲವೇ ಹಾಗೆ ಮಾಡಿ.

ಮೊದಲ ಚೀಟಿ: ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) 2,900, ಹಿಂದಿನ ಆಕ್ಸಲ್ 3,280, ಟ್ರೇಲರ್ ಆಕ್ಸಲ್ 2,760, ಒಟ್ಟು 8,940 ಪೌಂಡ್. ಲಾರಿಗಳಿಗೆ ಇಲ್ಲಿನ ಹೆದ್ದಾರಿಯಲ್ಲಿ 80,000 ಪೌಂಡ್ ಮಿತಿ. ಅವರ ಎದುರು ನಾವು ಒಂಬತ್ತರಲ್ಲೊಂದು ಪಾಲು. ಹಾಗಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಬಾಗಿಲಿನ ಇನ್ನೊಂದು ಚೀಟಿಯಲ್ಲಿ ನಮ್ಮ ವ್ಯಾನಿನ ಒಟ್ಟು ಮಿತಿ 6,000, ಮುಂದಿನ ಆಕ್ಸಲ್‌ಗೆ 3,100, ಹಿಂದಿನದಕ್ಕೆ 3,150 ಅಂತಿದೆ. ವ್ಯಾನಿನ ಎರಡು ಆಕ್ಸಲ್ ಕೂಡಿಸಿದರೆ 6,180. ಒಟ್ಟಿನಲ್ಲಿ 180 ಹೆಚ್ಚು, ಹಿಂದಿನ ಆಕ್ಸಲ್‌ನಲ್ಲಿ 130 ಹೆಚ್ಚು. ವ್ಯಾನು, ಟ್ರೇಲರು ಎರಡೂ ಸೇರಿ ಕೈಪಿಡಿ ಹೇಳುವ ಮಿತಿ 8,750, ಅದೂ 190 ಮೀರಿದೆ.

ಇಲ್ಲಿಗೆ ಟ್ರೇಲರಿನ ಪೂರ್ತಿ ತೂಕ ಇನ್ನೂ ಗೊತ್ತಾಗಿಲ್ಲ, ಅದರ ಒಂದು ಪಾಲು ವ್ಯಾನಿನ ಹಿಂದಿನ ಚಕ್ರದ ಲೆಕ್ಕದಲ್ಲಿ ಅಡಗಿ ಕೂತಿದೆ. ಅದನ್ನು ಹೊರಗೆ ತೆಗೆಯಲು ಟ್ರೇಲರ್ ಬಿಚ್ಚಿ ಬರೀ ವ್ಯಾನನ್ನು ಮತ್ತೆ ತೂಗಬೇಕು. ಇದನ್ನು ನಾನು ಇನ್ನೂ ವಿವರಿಸುತ್ತಿದ್ದೆ, ಮಾವ ಹಿಂದಿನ ಸೀಟಿನಿಂದ ನಕ್ಕರು. ಅವರು ಮಂಡ್ಯ ಕಡೆಯ ಕಬ್ಬಿನ ರೈತರು. “ಇದೇನವ್ವಾ ಹೊಸಾದು? ಕಬ್ಬಿನ ಗಾಡಿ ತುಂಬಿದ್ದು ಒಂದ್ ಕಿತ ತೂಗ್ತರೆ, ಕಬ್ಬು ಇಳಿಸಿ ಬರೀ ಗಾಡಿ ಒಂದ್ ಕಿತ ತೂಗ್ತರೆ. ಕಳೆದ್ರೆ ಕಬ್ಬು. ಫ್ಯಾಕ್ಟ್ರಿ ಮುಂದೆ ರಾತ್ರಿಯೆಲ್ಲ ಕೂತು ಇದ್ನೇ ತಾನೆ ಮಾಡಿದ್ದು ನಾವು” ಅಂದರು. ಅದೇ ಲೆಕ್ಕ. ಅವರಿಗೆ ಆಶ್ಚರ್ಯವಾದದ್ದು ಬೇರೆಯದಕ್ಕೆ: ಸರತಿ ಇಲ್ಲ, ಜಗಳ ಇಲ್ಲ, ಹತ್ತು ನಿಮಿಷಕ್ಕೆ ಚೀಟಿ ಕೈಗೆ.

ಬಿಚ್ಚುವ ಕೆಲಸಕ್ಕೆ ಇಲ್ಲಿ ಬೇರೆ ಜಾಗ ಮಾಡಿಲ್ಲ. ತಕ್ಕಡಿಯ ಪಕ್ಕದಲ್ಲೇ ಬಿಚ್ಚಲು ಹೋದರೆ ಲಾರಿಗಳ ದಾರಿಗೆ ಅಡ್ಡ. ಅಯೋವಾ 80ರಲ್ಲಿ ಒಂಬೈನೂರು ಲಾರಿ ನಿಲ್ಲುವಷ್ಟು ಅಂಗಳ ಇರುವುದರಿಂದ ಒಂದು ಮೂಲೆ ಸಿಕ್ಕಿತು. ಸಣ್ಣ ಟ್ರಕ್ ಸ್ಟಾಪ್‌ಗಳಲ್ಲಿ ಇದು ತಲೆನೋವೇ. ಸಂಜೆ ಹೊತ್ತು ಹೋಗಬೇಡಿ, ಲಾರಿಯವರು ರಾತ್ರಿ ನಿಲ್ಲಲು ಬರುವ ಸಮಯ ಅದು. ನಾವು ಹೋದದ್ದು ಭಾನುವಾರ ಬೆಳಿಗ್ಗೆ, ತಕ್ಕಡಿ ಖಾಲಿ ಹೊಡೆಯುತ್ತಿತ್ತು. ಚಕ್ರಕ್ಕೆ ಅಡ್ಡಗಟ್ಟೆ ಇಟ್ಟೇ ಬಿಚ್ಚಿ. ಅಂಗಳ ನೋಡಲು ಸಮತಟ್ಟು, ಆದರೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ.

ಎರಡನೆಯ ಚೀಟಿ: ಮುಂದೆ 3,060, ಹಿಂದೆ 2,740, ಒಟ್ಟು 5,800. ಟ್ರೇಲರ್ ಕಟ್ಟಿದಾಗ ವ್ಯಾನು 6,180 ಇತ್ತು. ವ್ಯತ್ಯಾಸ 380, ಅದು ಮೂತಿಯ ಭಾರ. ಟ್ರೇಲರಿನ ಪೂರ್ತಿ ತೂಕ 2,760ಕ್ಕೆ 380 ಸೇರಿಸಿ 3,140 ಪೌಂಡ್. ಕಾಗದದ 2,450ರ ಮೇಲೆ ಹೆಚ್ಚುಕಡಿಮೆ ಏಳುನೂರು ಕೂತಿತ್ತು.

ನನಗೆ ಈ ಎರಡು ಚೀಟಿಗಳಲ್ಲಿ ರುಚಿ ಕಂಡದ್ದು ಇದು. 3,140 ಅನ್ನುವುದು 3,500ರೊಳಗೇ ಇದೆ! ಮಾರಿದವನ ಪ್ರಕಾರ ನಾವು ಪಾಸು. ವ್ಯಾನ್ ಮಾತ್ರ ಒಟ್ಟು ತೂಕ, ಹಿಂದಿನ ಆಕ್ಸಲ್, ಮೂತಿಯ ಭಾರ, ಜೋಡಿ ತೂಕ ಅಂತ ನಾಲ್ಕು ವಿಷಯದಲ್ಲಿ ಫೇಲು. ವ್ಯಾನು ಎಷ್ಟು ಎಳೆಯಬಲ್ಲದು ಅನ್ನುವ ಪ್ರಶ್ನೆಗೆ ಉತ್ತರ ಬರುವ ಮುಂಚೆಯೇ ಅದು ಎಷ್ಟು ಹೊರಬಲ್ಲದು ಅನ್ನುವುದು ಮುಗಿದುಹೋಗಿರುತ್ತದೆ. ಮಿನಿವ್ಯಾನಿನ ವಿಷಯದಲ್ಲಿ ಮೊದಲು ತುಂಬಿ ತುಳುಕುವುದು ಯಾವಾಗಲೂ ಒಳಗಿನ ಸೀಟು, ಡಿಕ್ಕಿ.

ಮುಂದಿನ ಚಕ್ರಗಳ ಸಂಖ್ಯೆಯನ್ನೂ ಗಮನಿಸಿ. ಕಟ್ಟಿದಾಗ 3,060ರಿಂದ 2,900ಕ್ಕೆ ಇಳಿದಿದೆ. ಗುಂಡು ಹಿಂದಿನ ಚಕ್ರಕ್ಕಿಂತ ಹಿಂದೆ ಇರುವುದರಿಂದ ಅಲ್ಲಿ ಒತ್ತಿದಷ್ಟೂ ಮುಂದೆ ಹಗುರ, ಹಿಂದಿನ ಆಕ್ಸಲ್‌ಗೆ 380ರ ಬದಲು 540 ಹೊರೆ. ನಮ್ಮ ವ್ಯಾನಿನಲ್ಲಿ ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ. ಒದ್ದೆ ರಸ್ತೆಯಲ್ಲಿ ಅವು ಹಗುರಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಂತ ಮೂತಿಯ ಭಾರವನ್ನು ತೀರಾ ಇಳಿಸುವಂತೆಯೂ ಇಲ್ಲ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಮೂತಿಯ ಮೇಲಿರಬೇಕು ಅನ್ನುವುದು ಇಲ್ಲಿನ ನಿಯಮ. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಆ ಓಲಾಟ ಒಮ್ಮೆ ಹತ್ತಿತು ಅಂದರೆ ವ್ಯಾನನ್ನೂ ಎಳೆದುಕೊಂಡು ಹೋಗಬಲ್ಲದು. ನಮ್ಮ 3,500 ಪೌಂಡ್ ಮಿತಿಗೆ ಮೂತಿಯ ಮಿತಿ 350 ಇರುವುದು ಸರಿಯಾಗಿ ಹತ್ತರಲ್ಲೊಂದು. ಅಂದರೆ ಮೂರೂವರೆ ಸಾವಿರದ ಟ್ರೇಲರ್ ಕಟ್ಟಿದರೆ ಮೂತಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಮೂರು ಸಾವಿರದ ಆಸುಪಾಸಿನಲ್ಲಿ ಇದ್ದರೆ ಉಸಿರಾಡಲು ಜಾಗ ಇರುತ್ತದೆ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿ ಇದನ್ನೆಲ್ಲ ಕೇಳಿ ನಕ್ಕಳು. ಅಲ್ಲಿ ವಾಹನದ ಗುರುತಿನ ಸಂಖ್ಯೆ ಇರುವ ವಿನ್ ತಗಡಿನ ಮೇಲೆ ಮೊದಲು ಗಾಡಿಯ ಗರಿಷ್ಠ ತೂಕ, ಅದರ ಕೆಳಗೆ ಗಾಡಿ-ಟ್ರೇಲರ್ ಜೋಡಿಯ ಗರಿಷ್ಠ ತೂಕ ಇರುತ್ತದೆ. ಕಳೆದರೆ ಎಳೆಯುವ ಮಿತಿ. ತುಂಬಿದ ಗಾಡಿಗೆ ಎಷ್ಟು ಉಳಿಯುತ್ತದೆ ಅನ್ನುವುದು ನೇರ ಗೊತ್ತಾಗುತ್ತದೆ. ಹೊಸಬರು ಗಾಡಿಯ ಖಾಲಿ ತೂಕದ ನೂರಕ್ಕೆ 85ಕ್ಕಿಂತ ಭಾರದ ಕ್ಯಾರವಾನ್ ಕಟ್ಟಬಾರದು ಅನ್ನುವ ಬುದ್ಧಿಮಾತೂ ಇದೆ, ಅದು ಕಾನೂನಲ್ಲ. ಅಲ್ಲಿ ಮೂತಿಯ ಭಾರ ನೂರಕ್ಕೆ ಐದರಿಂದ ಏಳು ಸಾಕು ಅನ್ನುತ್ತಾರೆ. ಆದರೆ ಅಲ್ಲಿ ಟ್ರೇಲರ್ ಕಟ್ಟಿದವರಿಗೆ ಮೋಟರ್‌ವೇಯಲ್ಲಿ 60 ಮೈಲಿ ಮಿತಿ. ಇಲ್ಲಿ ನಮ್ಮ ಪಕ್ಕದಲ್ಲಿ ಎಲ್ಲರೂ ಎಪ್ಪತ್ತೈದರಲ್ಲಿ ಹಾರಿಹೋಗುತ್ತಿರುತ್ತಾರೆ. ಅವಳ ಲೆಕ್ಕವನ್ನು ನಾನು, ನನ್ನದನ್ನು ಅವಳು ಬಳಸುವಂತಿಲ್ಲ.

ಮತ್ತೆ ನಮ್ಮ ಅಂಗಳಕ್ಕೆ. ಚೀಟಿ ಕೈಗೆ ಬಂದ ಮೇಲೆ ಅಲ್ಲೇ ಸಂಸಾರದ ಸಭೆ ನಡೆಯಿತು. ಮಾವ “ನಾನ್ ಇಳ್ಕತೀನಿ ಬುಡವ್ವ, ಬಸ್ಸಲ್ ಬತ್ತೀನಿ” ಅಂದರು. ನಾವು ಹೋಗಬೇಕೆಂದಿದ್ದ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್‌ಗೆ ಬಸ್ಸೆಲ್ಲಿಂದ ತರಲಿ! ಮೊದಲು ಹೋದದ್ದು ನೀರು. ಕ್ಯಾಂಪರಿನಲ್ಲಿ 20 ಗ್ಯಾಲನ್‌ನ ಕುಡಿಯುವ ನೀರಿನ ಟ್ಯಾಂಕಿದೆ, ಗ್ಯಾಲನ್‌ಗೆ 8.3 ಪೌಂಡ್‌ನಂತೆ 166 ಪೌಂಡ್. ಟ್ಯಾಂಕ್ ಇರುವುದು ಚಕ್ರಕ್ಕಿಂತ ಮುಂದೆ, ಹಾಗಾಗಿ ಅದರ ಒಂದು ಪಾಲು ಮೂತಿಗೂ ಬೀಳುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ನಲ್ಲಿ ಇರುವಾಗ ಮನೆಯಿಂದ ನೀರು ಹೊತ್ತುಕೊಂಡು ಹೋಗುವುದು ಯಾವ ಬುದ್ಧಿವಂತಿಕೆ? ಎರಡನೆಯದು, ವ್ಯಾನಿನ ಡಿಕ್ಕಿಯಲ್ಲಿದ್ದ 140 ಪೌಂಡ್ ಸಾಮಾನು ಕ್ಯಾಂಪರಿಗೆ ಹೋಯಿತು: ಅಕ್ಕಿ, ಬೇಳೆ, ಕುಕ್ಕರ್, ಎರಕದ ದೋಸೆ ಹಂಚು, ಪುಸ್ತಕಗಳು. ಸರಿಯಾಗಿ ಚಕ್ರದ ಮೇಲಿನ ಕಪಾಟಿಗೆ, ನೆಲಮಟ್ಟಕ್ಕೆ. ಹಿಂದಕ್ಕೆ ತಳ್ಳಿದರೆ ಮೂತಿ ಎದ್ದುಬಿಡುತ್ತದೆ, ಬಾಲ ಆಡಿಸುವ ರೋಗಕ್ಕೆ ಅದೇ ದಾರಿ. ಮೂರನೆಯದಕ್ಕೆ ಜಗಳವಾಯಿತು. ಅತ್ತೆಯ ಟೇಬಲ್ ಟಾಪ್ ಗ್ರೈಂಡರ್ ಮತ್ತು ನಮ್ಮನೆಯವರ ಮಡಿಸುವ ಮೇಜು, ಎರಡೂ ಸೇರಿ 60 ಪೌಂಡ್. “ಗ್ರೈಂಡರ್ ಇಲ್ದೆ ದೋಸೆ ಹಂಚು ಯಾಕೆ?” ಅಂತ ಅತ್ತೆ ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಹಿಟ್ಟು ರುಬ್ಬಿ ಕೂಲರ್‌ನಲ್ಲಿ ಇಟ್ಟುಕೊಂಡು ಹೋಗೋಣ ಅಂತ ರಾಜಿಯಾಯಿತು. ಮೇಜಿನ ಪರವಾಗಿ ಯಾರೂ ಮಾತಾಡಲಿಲ್ಲ.

ಮನೆಗೆ ಹೋಗಿ ಇವನ್ನೆಲ್ಲ ಇಳಿಸಿ ಜೋಡಿಸಿ ಅದೇ ಮಧ್ಯಾಹ್ನ ಮತ್ತೆ ಬಂದೆವು. 24 ಗಂಟೆಯೊಳಗೆ ಆದ್ದರಿಂದ ಮರುತೂಕದ ದರವೇ. ಮುಂದೆ 2,940, ಹಿಂದೆ 3,000, ಟ್ರೇಲರ್ ಆಕ್ಸಲ್ 2,780, ಒಟ್ಟು 8,720. ವ್ಯಾನು 5,940, ಆರು ಸಾವಿರದ ಒಳಗೆ. ಡಿಕ್ಕಿಯಿಂದ ತೆಗೆದ 200 ಪೌಂಡನ್ನು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿಟ್ಟುಕೊಂಡಿದ್ದೆ. ಹಾಗಾಗಿ ಬರೀ ವ್ಯಾನು 5,600 ಅಂತ ಗೊತ್ತು, ಮೂತಿಯ ಭಾರ 340. ಟ್ರೇಲರ್ 3,120, ನೂರಕ್ಕೆ ಹನ್ನೊಂದರ ಹತ್ತಿರ. ಎಲ್ಲ ಮಿತಿಯೊಳಗೆ ಬಂತು, ಧಾರಾಳವಾಗಿ ಅಲ್ಲ. ಜೋಡಿ ತೂಕಕ್ಕೆ ಉಳಿದದ್ದು ಬರೀ 30 ಪೌಂಡ್. ಕ್ಯಾಟ್ ಸ್ಕೇಲ್ ಇಪ್ಪತ್ತಿಪ್ಪತ್ತು ಪೌಂಡ್ ಹೆಜ್ಜೆಯಲ್ಲಿ ತೋರಿಸುವುದರಿಂದ ಆ 30 ಅನ್ನು ನಾನು ಶೂನ್ಯ ಅಂತಲೇ ಓದಿಕೊಂಡೆ. ದಾರಿಯಲ್ಲಿ ಅಂಗಡಿ ಕಂಡಲ್ಲೆಲ್ಲ ಏನಾದರೂ ಕೊಳ್ಳುವ ನಮ್ಮನೆಯವರ ಚಾಳಿಗೆ ಅಂದಿನಿಂದ ಸರಕಾರಿ ತಡೆ ಬಿತ್ತು.

ಈ ಸೇವೆ ಏನು ಹೇಳುವುದಿಲ್ಲ ಅನ್ನುವುದೂ ಗೊತ್ತಿರಲಿ. ಎಡಗಡೆ ಬಲಗಡೆ ಬೇರೆ ಬೇರೆ ತೂಗುವುದಿಲ್ಲ, ಆಕ್ಸಲ್ ಲೆಕ್ಕ ಮಾತ್ರ. ಅಡುಗೆಮನೆ, ನೀರಿನ ಟ್ಯಾಂಕು ಎರಡೂ ಒಂದೇ ಕಡೆ ಇರುವ ಕ್ಯಾಂಪರುಗಳಲ್ಲಿ ಆ ಕಡೆಯ ಟೈರ್ ಹೆಚ್ಚು ಹೊರುತ್ತಿರುತ್ತದೆ, ಚೀಟಿಯಲ್ಲಿ ಅದು ಕಾಣುವುದಿಲ್ಲ. ನಿಮ್ಮ ಮಿತಿ ಎಷ್ಟು, ಮೀರಿದ್ದೀರೋ ಇಲ್ಲವೋ ಅನ್ನುವುದನ್ನು ಕೌಂಟರಿನವರು ಹೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಅದು ಅವರ ಕೆಲಸವಲ್ಲ. ತೂಕ ತಪ್ಪಿ ದಂಡ ಬಿದ್ದರೆ ಕಟ್ಟುತ್ತೇವೆ ಅಂತ ಕಂಪನಿ ಕೊಡುವ ಗ್ಯಾರಂಟಿ ಲಾರಿಯವರಿಗೆ ದೊಡ್ಡ ವಿಷಯ, ನಮಗೆ ಅಷ್ಟೇನಿಲ್ಲ. ಬ್ರೇಕಿನ ವಿಷಯವನ್ನೂ ಯಾರೂ ಎತ್ತುವುದಿಲ್ಲ. ಅಯೋವಾದಲ್ಲಿ ಟ್ರೇಲರ್ 3,000 ಪೌಂಡ್ ಮುಟ್ಟಿದರೆ ಅದಕ್ಕೇ ಸ್ವಂತ ಬ್ರೇಕ್ ಇರಬೇಕು. ವ್ಯಾನಿನ ಕೈಪಿಡಿಗಳು ಇನ್ನೂ ಎಷ್ಟೋ ಮುಂಚೆಯೇ, ಹಲವು 1,000 ಪೌಂಡ್ ದಾಟಿದರೇ, ಬ್ರೇಕ್ ಹಾಕಿಸಿ ಅನ್ನುತ್ತವೆ. ಮಿನಿವ್ಯಾನುಗಳಲ್ಲಿ ಅದನ್ನು ಹಿಡಿತದಲ್ಲಿಡುವ ಬ್ರೇಕ್ ಕಂಟ್ರೋಲರ್ ಸಾಮಾನ್ಯವಾಗಿ ಕಾರ್ಖಾನೆಯಿಂದ ಬರುವುದಿಲ್ಲ, ಹಿಚ್ ಅಂಗಡಿಯಲ್ಲಿ ಹಾಕಿಸಬೇಕು. ನಮ್ಮ ಖರ್ಚಿನಲ್ಲಿ ನನಗೆ ಕಿಂಚಿತ್ತೂ ಬೇಜಾರಾಗದ ಬಾಬತ್ತು ಅದು.

ಹತ್ತಿರದಲ್ಲಿ ಕ್ಯಾಟ್ ಸ್ಕೇಲ್ ಇಲ್ಲದವರು ಹಳ್ಳಿಗಳ ಧಾನ್ಯದ ಗೋದಾಮುಗಳಲ್ಲಿ ವಿಚಾರಿಸಬಹುದು, ಮೆಕ್ಕೆಜೋಳ ತೂಗುವ ತಕ್ಕಡಿ ಅಲ್ಲಿರುತ್ತದೆ. ಆದರೆ ಅದು ಹೆಚ್ಚಾಗಿ ಒಂದೇ ಹಲಗೆ, ಆಕ್ಸಲ್ ಆಕ್ಸಲ್ ಆಗಿ ಮುಂದೆ ಸರಿಸುತ್ತಾ ತೂಗಿಸಿಕೊಳ್ಳಬೇಕು. ಸುಗ್ಗಿಯಲ್ಲಿ ಹೋದರೆ ಬೈಸಿಕೊಳ್ಳುತ್ತೀರಿ. ಮೂತಿಯ ಭಾರವೊಂದನ್ನೇ ಮನೆಯಲ್ಲಿ ನೋಡಬೇಕೆಂದರೆ ಮೂರಡಿ ಅಂತರದಲ್ಲಿ ಒಂದು ಕಡೆ ಕಬ್ಬಿಣದ ಪೈಪು, ಇನ್ನೊಂದು ಕಡೆ ಬಾತ್‌ರೂಮ್ ತೂಕದ ಯಂತ್ರ ಇಟ್ಟು, ಮೇಲೆ ಗಟ್ಟಿ ಹಲಗೆ ಹಾಕಿ, ಪೈಪಿನಿಂದ ಒಂದಡಿ ದೂರಕ್ಕೆ ಮೂತಿಯನ್ನು ಊರಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಆಯಿತು. ಬರೀ ಹಲಗೆ ಇದ್ದಾಗ ಯಂತ್ರ ತೋರಿಸುವುದನ್ನು ಮೊದಲೇ ನೋಡಿಟ್ಟುಕೊಂಡು, ಗುಣಿಸುವ ಮುಂಚೆ ಕಳೆಯಿರಿ. ನಾನು ಮಾಡಿ ನೋಡಿದಾಗ ಯಂತ್ರ 114 ತೋರಿಸಿತು, ಅಂದರೆ 342. ತಕ್ಕಡಿಯ 340ಕ್ಕೆ ಸರಿಹೋಯಿತು. ಇದಕ್ಕೆಂದೇ ಬೇರೆ ಯಂತ್ರಗಳನ್ನೂ ಮಾರುತ್ತಾರೆ, ಬೇಕಿಲ್ಲ.

ಕ್ಯಾಟ್ ಸ್ಕೇಲ್‌ಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ಎತ್ತರದ ಗುಂಡಿಗೆ. ಕ್ಯಾಂಪರ್ ಮಾರಿದ ಅಂಗಡಿಗೆ ಅಂಕ ಕೊಡುವುದಿಲ್ಲ, ಹೆಸರೂ ಹೇಳುವುದಿಲ್ಲ.

ಬ್ಯಾಡ್‌ಲ್ಯಾಂಡ್ಸ್‌ಗೆ ಹೋಗಿ ಬಂದೆವು. ಇಂಟರ್‌ಸ್ಟೇಟ್ 90ರ ಅಡ್ಡಗಾಳಿಯಲ್ಲಿ 60 ಮೈಲಿ ದಾಟಲಿಲ್ಲ, ಪೆಟ್ರೋಲು ಮಾಮೂಲಿಗಿಂತ ಎಷ್ಟೋ ಹೆಚ್ಚು ಕುಡಿಯಿತು, ವ್ಯಾನು ಮಾತ್ರ ಒಮ್ಮೆಯೂ ಓಲಾಡಲಿಲ್ಲ. ಬರುವ ತಿಂಗಳು ಅತ್ತೆ-ಮಾವ ಊರಿಗೆ ಹೊರಡುತ್ತಾರೆ. ವ್ಯಾನಿನಲ್ಲಿ 288 ಪೌಂಡ್ ಖಾಲಿಯಾಗುತ್ತದೆ, ಇನ್ನು ಟ್ಯಾಂಕ್ ತುಂಬಿಸಿಕೊಂಡೇ ಹೋಗಬಹುದು ಅಂತ ನಮ್ಮನೆಯವರು ಆಗಲೇ ಲೆಕ್ಕ ಹಾಕಿದ್ದಾರೆ. ಹೋಗುವಂತಿಲ್ಲ. ಸೀಟು ಖಾಲಿಯಾದರೆ ವ್ಯಾನಿನ ತೂಕ ಇಳಿಯುತ್ತದೆ, ಮೂತಿಯ 350 ಪೌಂಡ್ ಮಿತಿ ಇದ್ದಲ್ಲೇ ಇರುತ್ತದೆ. ನಮಗೆ ಅಲ್ಲಿ ಉಳಿದಿರುವುದು ಹತ್ತು ಪೌಂಡ್, ಟ್ಯಾಂಕ್ ತುಂಬಿದರೆ ಮೂತಿಗೆ ಬೀಳುವ ಪಾಲು ಅದಕ್ಕಿಂತ ಹೆಚ್ಚು. ಮೇಜು ಬೇಕಾದರೆ ವ್ಯಾನಿಗೆ ಹಾಕಿಕೊಳ್ಳಲಿ.